ರಗಳೆ ಹೊನ್ನೂರ

ಡಿಜೆ ಎಂದರೆ ಪೆಟ್ಟಿಗೆಯಲ್ಲ, ಬಾಯಿ. ಇಷ್ಟು ಸಣ್ಣ ಮಾತನ್ನು ಹದಿನೆಂಟು ವರ್ಷದಿಂದ ಹೇಳಿ ಹೇಳಿ ಪಾಪಿನಾಯಕನಹಳ್ಳಿಯ ಹೊನ್ನೂರುಸ್ವಾಮಿಯ ಗಂಟಲು ಒಣಗಿದೆ. ಹೊಸಪೇಟೆಗೆ ಹೇಳಿದ, ಕಂಪ್ಲಿಗೆ ಹೇಳಿದ, ಸಂಡೂರಿಗೂ ಹೋಗಿ ಹೇಳಿ ಬಂದ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಈ ಜನ ಅದನ್ನೂ ಮಾಡಲಿಲ್ಲ.

ಮೊನ್ನೆ ಕಂಪ್ಲಿಯಿಂದ ಯಾರೋ ಫೋನ್ ಮಾಡಿದ್ದ.

"ಅಣ್ಣಾ, ಡಿಜೆ ಹೊನ್ನೂರ ಅಂದ್ರ ನೀವೇನ್ರಿ? ನಮ್ ತಂಗಿ ಮದುವಿ ಐತ್ರಿ. ಬೇಸ್ ಪೆಟ್ಟಿಗಿ ಎಷ್ಟು, ಟಾಪ್ ಪೆಟ್ಟಿಗಿ ಎಷ್ಟು ಅದಾವ್ರಿ ನಿಮ್ ಹತ್ರ?"

"ಬೇಸೂ ಇಲ್ಲ, ಟಾಪೂ ಇಲ್ಲಪ. ಬಾಯಿ ಒಂದೈತಿ."

"ಬಾಯಿ ನಮ್ ಬೀಗರ ಕಡೆ ಭಾಳ ಅದಾವ ಬಿಡ್ರಿ" ಎಂದು ಆಚೆಯವನು ಫೋನ್ ಇಟ್ಟುಬಿಟ್ಟ.

ಪೂರ್ತಿ ತಪ್ಪು ಜನರದ್ದೇ ಎನ್ನುವಂತೆಯೂ ಇಲ್ಲ. ಆ ಸೀಮೆಯಲ್ಲಿ ಡಿಜೆ ಎಂದರೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಆಳೆತ್ತರ ಪೇರಿಸಿದ ಕಪ್ಪು ಪೆಟ್ಟಿಗೆಗಳು. ಅದು ಬೀದಿಗೆ ಬಂತೆಂದರೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ತಾವಾಗಿಯೇ ಕೆಳಗಿಳಿಯುತ್ತವೆ, ಬಾಣಂತಿಯರು ಮಗುವಿನ ಕಿವಿಗೆ ಹತ್ತಿ ಇಡುತ್ತಾರೆ. ಹೊನ್ನೂರ ಕಲಿತ, ಜಮೈಕಾ ದೇಶದ ರೆಗ್ಗೆ ಸಂಗೀತದ ಲೆಕ್ಕವೇ ಬೇರೆ. ಅಲ್ಲಿ ರೆಕಾರ್ಡ್ ಹಾಕುವವನಿಗೆ ಬೇರೆ ಹೆಸರಿದೆ. ಆ ತಾಳದ ಮೇಲೆ ನಿಂತು, ತನ್ನ ಮಾತನ್ನು ಪದ ಕಟ್ಟಿ ಹೇಳುವವನು ಡಿಜೆ. ಪೂರಾ ಹಾಡುವುದೂ ಅಲ್ಲ, ಭಾಷಣವೂ ಅಲ್ಲ, ಎರಡರ ನಡುವಿನದು. ಇದನ್ನು ಊರಲ್ಲಿ ಬಿಡಿಸಿ ಹೇಳಲು ಹೋದ ಮೊದಲ ದಿನವೇ ಚಹಾದಂಗಡಿಯ ಜಂಬಪ್ಪ, "ರೆಗ್ಗೆ ಅಲ್ಲಲೇ ಅದು, ರಗಳೆ" ಎಂದ. ಸುತ್ತ ಕೂತವರೆಲ್ಲ ನಕ್ಕರು. ಅಂದಿನಿಂದ ಅವನು ರಗಳೆ ಹೊನ್ನೂರ. ಆಧಾರ್ ಕಾರ್ಡಿನಲ್ಲಷ್ಟೇ ಇನ್ನೂ ಬಂದಿಲ್ಲ.

ಈ ಹುಚ್ಚು ಹತ್ತಿದ್ದು ಹಂಪಿಯಲ್ಲಿ. ಇಪ್ಪತ್ತು ವರ್ಷದ ಹಿಂದೆ ಹೊಳೆಯಾಚೆಯ ಒಂದು ಗೆಸ್ಟ್ ಹೌಸಿನಲ್ಲಿ ಅವನು ಪಾತ್ರೆ ತೊಳೆಯುತ್ತಿದ್ದ. ಆ ಗೆಸ್ಟ್ ಹೌಸ್ ಈಗಿಲ್ಲ. ಅಲ್ಲಿಗೆ ಡೆಲ್ರಾಯ್ ಎಂಬ ನರೆತ ಜಡೆಯ ಮನುಷ್ಯ ಮೂರು ಚಳಿಗಾಲ ಬಂದು ಉಳಿದ. ಅಪ್ಪ ಅಮ್ಮ ಜಮೈಕಾದವರು, ಇವನು ಇಂಗ್ಲೆಂಡಿನಲ್ಲಿ ಬಸ್ ಡ್ರೈವರ್. ಹಾಡಿನಿಂದ ಹಾಡುವವನ ದನಿಯನ್ನು ತೆಗೆದು, ಬರೀ ಡ್ರಮ್ಮು, ಬೇಸು, ಗಿಟಾರು ಉಳಿಸಿದ ರೆಕಾರ್ಡುಗಳನ್ನು ತಂದಿದ್ದ. ಸಂಜೆ ಅವನ್ನು ಹಾಕಿಕೊಂಡು ಅದರ ಮೇಲೆ ಮಾತಾಡುತ್ತಿದ್ದ. ದೋಣಿಯವನ ಜೊತೆ ಆದ ಜಗಳ, ಬ್ರೆಡ್ ಕದ್ದ ಕೋತಿ, ತನ್ನ ಮಂಡಿನೋವು, ಎಲ್ಲವೂ ಬರುತ್ತಿತ್ತು. ನಾವು ಚಪ್ಪಾಳೆ ತಟ್ಟುವ ಕಡೆ ಆ ತಾಳ ಸುಮ್ಮನಿರುತ್ತಿತ್ತು. ತಟ್ಟಿ ಕೈ ಬಿಡಿಸಿದ ಮೇಲೆ ಗಿಟಾರು ಚಕ್ ಎನ್ನುತ್ತಿತ್ತು.

ಹೊನ್ನೂರನಿಗೆ ಇಂಗ್ಲಿಷು ಕಾಲು ಭಾಗ ತಿಳಿಯಿತು. ಆದರೆ ಒಬ್ಬ ಬಸ್ ಡ್ರೈವರ್ ಯಾರ ಅಪ್ಪಣೆಯೂ ಇಲ್ಲದೆ ತನ್ನ ಮನಸ್ಸಿಗೆ ಬಂದದ್ದನ್ನು ಹೇಳುವುದು, ಹತ್ತು ಜನ ಕೂತು ಅದನ್ನು ಕೇಳುವುದು, ಇದು ಪೂರಾ ತಿಳಿಯಿತು. ಅದರ ಮುಂದೆ ಪಾತ್ರೆ ತೊಳೆಯುವುದು ರುಚಿಸಲಿಲ್ಲ. ಡೆಲ್ರಾಯ್ ಕೊನೆಯ ಸಲ ಹೋಗುವಾಗ ಬರಿತಾಳದ ಒಂದು ಸಿ.ಡಿ. ಕೊಟ್ಟುಹೋದ. ಅದನ್ನು ಬನಿಯನ್ನಿನಲ್ಲಿ ಸುತ್ತಿಕೊಂಡು ಹೊನ್ನೂರ ಹೊಸಪೇಟೆಗೆ ಬಂದ.

ಅಲ್ಲಿ ಮೈಕ್‌ಸೆಟ್ ಅಂಗಡಿಯ ಮೂಕಣ್ಣನ ಹತ್ತಿರ ಕೆಲಸಕ್ಕೆ ಸೇರಿದ. ಮೈಕ್‌ಸೆಟ್ ಇಡುವವನಿಗೆ ಮೂಕಣ್ಣ ಎಂದು ಹೆಸರಿಟ್ಟವರು ತಮಾಷೆಯ ಜನವೇ ಇರಬೇಕು. ಕೆಲಸ ಆಟೋದಲ್ಲಿ ಕೂತು ಕೂಗುವುದು. ಸೀರೆ ಮೇಳ ಬಂತು, ಸರ್ಕಸ್ಸು ಬಂತು, ನಾಳೆ ನಲ್ಲಿಗೆ ನೀರು ಬರುವುದಿಲ್ಲ. ಹೊನ್ನೂರ ಮೆಲ್ಲಗೆ ಈ ಸುದ್ದಿಗಳ ಕೆಳಗೆ ಡೆಲ್ರಾಯನ ತಾಳ ಸೇರಿಸಿದ. ಸೀರೆ ಮೇಳಕ್ಕೆ ಜನ ಮುಗಿಬಿದ್ದರು. ನೀರಿನ ಸುದ್ದಿಯನ್ನು ಮಾತ್ರ ಕುಣಿಯುತ್ತ ಕೇಳಿದ ಜನ ನೀರು ತುಂಬಿಕೊಳ್ಳುವುದನ್ನೇ ಮರೆತು, ಮಾರನೆಯ ದಿನ ಖಾಲಿ ಕೊಡ ಹಿಡಿದು ಮೂಕಣ್ಣನ ಅಂಗಡಿ ಮುಂದೆ ನಿಂತರು. "ನೀರಿಲ್ಲ ಅಂದ್ರ ಅಳಬೇಕಲೇ, ಕುಣಿಯೋದಲ್ಲ" ಎಂದು ಮೂಕಣ್ಣ ತಲೆ ಚಚ್ಚಿಕೊಂಡ. ಕೆಲಸದಿಂದ ತೆಗೆಯಲಿಲ್ಲ. ಅವನಿಗೂ ಆ ತಾಳ ಹತ್ತಿಬಿಟ್ಟಿತ್ತು. ಇಂದಿಗೂ ಹೊನ್ನೂರ ಎಲ್ಲಿ ನಿಂತರೂ ಪಕ್ಕದಲ್ಲಿ ಲ್ಯಾಪ್‌ಟಾಪ್ ಒತ್ತುವವನು ಮೂಕಣ್ಣನೇ.

ಹಾಗೆ ಶುರುವಾದ ಕಸುಬು ಯಾವ ಊರಲ್ಲೂ ನೆಟ್ಟಗಾಗಲಿಲ್ಲ. ಹಂಪಿಯ ಒಂದು ಹೋಟೆಲಿನವನು ಕರೆದ. "ರೆಗ್ಗೆ ಅಂತೀರಿ, ಜಡಿ ಎಲ್ರಿ?" ಎಂದು ಕೇಳಿದ. ಹೊನ್ನೂರನಿಗೆ ಮೂವತ್ತಕ್ಕೇ ನೆತ್ತಿ ಬೋಳು. ಆ ಪುಣ್ಯಾತ್ಮ ಹೊಸಪೇಟೆಯಿಂದ ನಾಟಕದವರ ಜಡೆ ತರಿಸಿ ಹಾಕಿಸಿದ. ಮೇ ತಿಂಗಳ ಸೆಖೆಗೆ ಅದರ ಗೋಂದು ಕರಗಿ ಕಿವಿಗೆ ಇಳಿಯಿತು. ಸಂಡೂರಿನ ಕಡೆ ಒಂದು ಗಣಿ ಕಂಪನಿಯ ವಾರ್ಷಿಕೋತ್ಸವಕ್ಕೆ ಕರೆದರು. ಎರಡು ಸಾಲು ಹೇಳುವಷ್ಟರಲ್ಲಿ ಯಾರೋ ಕೈಗೆ ಚೀಟಿ ತುರುಕಿದರು. ಬಿಳಿ ಬಣ್ಣದ ಕಾರು ಗೇಟಿಗೆ ಅಡ್ಡ ನಿಂತಿದೆ, ತೆಗೆಯಲು ಹೇಳಿ. ಕಂಪ್ಲಿಯ ಮದುವೆಯಲ್ಲಿ ಪದ ಅರ್ಧಕ್ಕೆ ಬಂದಾಗ ಹುಡುಗಿಯ ಸೋದರಮಾವ ಮೈಕ್ ಕಿತ್ತುಕೊಂಡು "ಊಟ ರೆಡಿ ಐತಿ, ಎಲ್ಲಾರೂ ಬರ್ರಿ" ಎಂದ. ಕುರ್ಚಿಗಳು ಖಾಲಿಯಾದವು. ಹೊನ್ನೂರನೂ ಹೋಗಿ ಉಂಡು ಬಂದ. ಇನ್ನೇನು ಮಾಡಬೇಕಿತ್ತು?

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಒಂದೇ, ಮನೆಯಲ್ಲಿದ್ದ ಅಪ್ಪ ತಾಯಪ್ಪ. ಮಗ ಮೈಕ್ ಹಿಡಿದಂದಿನಿಂದ ಒಂದು ಸಲವೂ ಅವನ ಪದ ಕೇಳಿದವನಲ್ಲ. ಹೊನ್ನೂರ ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಸಾಕು, ತಾಯಪ್ಪ ಟವಲ್ ಹೆಗಲಿಗೆ ಹಾಕಿಕೊಂಡು ಎದ್ದು, ಬಸ್ ಸ್ಟ್ಯಾಂಡಿನ ನೆರಳಿನಲ್ಲಿ ಹೋಗಿ ಕೂರುತ್ತಿದ್ದ. ಎಲ್ಲೋ ಊರಿಗೆ ಹೊರಟವನೆಂದು ಬಸ್ಸುಗಳು ಸುಮ್ಮನೆ ನಿಂತು ನಿಂತು ಹೋಗುತ್ತಿದ್ದವು.

ಅದಕ್ಕೆ ಕಾರಣವಿತ್ತು. ತಾಯಪ್ಪನ ಮನೆತನದ್ದು ಡಂಗುರದ ಕೆಲಸ. ಹಲಗೆ ಬಡಿಯುತ್ತ ಕೇರಿ ಕೇರಿ ತಿರುಗಿ, ಊರ ಹಿರಿಯರು ಹೇಳಿ ಕಳಿಸಿದ್ದನ್ನು ಕೂಗಬೇಕು. ಯಾರ ಮನೆಯ ಕಟ್ಟೆಯನ್ನೂ ಹತ್ತುವಂತಿಲ್ಲ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಇಪ್ಪತ್ತನಾಲ್ಕನೇ ವಯಸ್ಸಿಗೆ ತಾಯಪ್ಪ ಆ ಹಲಗೆಯನ್ನು ಚಾವಡಿ ಕಟ್ಟೆಯ ಮೇಲಿಟ್ಟು, "ನಿಮ್ಮ ಮಾತು ಇನ್ನ ನೀವ ಹೇಳ್ಕೊಳ್ರಿ" ಎಂದು ಇಳಿದು ಬಂದ. ಆ ವರ್ಷ ಊರಲ್ಲಿ ಅವನಿಗೆ ಒಂದು ದಿನದ ಕೂಲಿಯೂ ಸಿಗಲಿಲ್ಲ. ಸಂಡೂರಿನ ಗಣಿಗೆ ಹೋಗಿ ಅದಿರು ತುಂಬುವ ಕೆಲಸ ಹಿಡಿದ. ಮೂವತ್ತು ವರ್ಷ ತುಂಬಿದ. ನಡುವೆ ಬುದ್ಧನ ಪಟ ಮನೆಗೆ ಬಂತು, ಗಣಿಯ ಧೂಳು ಎದೆಗೆ ಬಂತು.

"ಹಲಗಿ ಇದ್ರೇನು, ಮೈಕ್ ಇದ್ರೇನು? ಊರ ಮುಂದ ಕೂಗೋದು ಕೂಗೋದ" ಎಂದು ಅವನು ಸೊಸೆ ಲಲಿತಾಳ ಹತ್ತಿರ ಹೇಳಿದ್ದ. ಮಗನ ಹತ್ತಿರ ಈ ವಿಷಯ ಎತ್ತುತ್ತಲೇ ಇರಲಿಲ್ಲ.

ಇದು ಹೊನ್ನೂರನಿಗೆ ಉರಿಯುತ್ತಿತ್ತು, ಸುಮ್ಮನಲ್ಲ. ನಾಲ್ಕು ವರ್ಷ ಕೂತು ತಿದ್ದಿದ ಒಂದು ಪದ ಅವನ ಹತ್ತಿರವಿತ್ತು. ಅದು ತಾಯಪ್ಪನ ಮೇಲೆಯೇ ಕಟ್ಟಿದ್ದು. ಲಾರಿಗೆ ಅದಿರು ತುಂಬಿ ತುಂಬಿ ಕೆಂಪಾಗಿ ಮನೆಗೆ ಬರುತ್ತಿದ್ದ ಅಪ್ಪನ ಪದ. ಅದನ್ನು ಹೊಸಪೇಟೆ ಕೇಳದಿದ್ದರೂ ನಡೆಯುತ್ತಿತ್ತು. ಅಪ್ಪ ಕೇಳಬೇಕಿತ್ತು. ಅಪ್ಪನಿಗೆ ಎಪ್ಪತ್ತೆರಡು ದಾಟಿತ್ತು, ಕೆಮ್ಮು ದಿನದಿನಕ್ಕೆ ಉದ್ದವಾಗುತ್ತಿತ್ತು.

ಆ ಬೇಸಿಗೆಯಲ್ಲಿ ಅಂಜಿನಿ ಬಂದ. ಅದೇ ಕೇರಿಯವನು, ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಬುದ್ಧ ಪೂರ್ಣಿಮೆ ಕಾರ್ಯಕ್ರಮದ ಕಮಿಟಿಗೆ ಮುಂದಾಳು.

"ಹೊನ್ನೂರಣ್ಣ, ಈ ಸಲ ನಿಂದು ಹದಿನೈದು ನಿಮಿಷ. ನಮ್ ಕೇರಿ ಜನ, ನಮ್ ಸ್ಟೇಜು. ಯಾರೂ ಮೈಕ್ ಕಿತ್ಕಳ್ಳಂಗಿಲ್ಲ."

ಪೂರ್ಣಿಮೆಯ ಕಾರ್ಯಕ್ರಮಕ್ಕೆ ತಾಯಪ್ಪ ತಪ್ಪದೆ ಹೋಗುತ್ತಿದ್ದ, ಮೊದಲ ಸಾಲಿನಲ್ಲೇ ಕೂರುತ್ತಿದ್ದ. ಅಷ್ಟು ಜನರ ನಡುವಿನಿಂದ ಎದ್ದು ಹೋಗಲಾರ. ಹೊನ್ನೂರ ಒಂದೇ ಉಸಿರಿಗೆ ಒಪ್ಪಿಕೊಂಡ. ಆದರೆ ಅಂಜಿನಿ, ಎಂಜಿನಿಯರಿಂಗ್ ಓದಿದವನು, ಪೊಲೀಸ್ ಪರವಾನಗಿಯ ಅರ್ಜಿಯಲ್ಲಿ "ಡಿಜೆ ಕಾರ್ಯಕ್ರಮ" ಎಂದು ಬರೆದುಬಿಟ್ಟ. ಮೆರವಣಿಗೆಗಳಲ್ಲಿ ಡಿಜೆ ನಿಷೇಧವಾಗಿ ಎಷ್ಟೋ ದಿನವಾಗಿತ್ತು. ಅರ್ಜಿ ಹೋದ ದಾರಿಯಲ್ಲೇ ವಾಪಸು ಬಂತು.

ಹೊನ್ನೂರ ಠಾಣೆಗೆ ಮೂರು ಸಲ ಅಲೆದ. ಮೂರನೆಯ ಸಲ ಕಾಗದಪತ್ರ ನೋಡಿಕೊಳ್ಳುವ ರೈಟರ್ ಸಿಕ್ಕರು. ಕರೆಂಟ್ ಇರಲಿಲ್ಲ. ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಡಿಜೆ ಬ್ಯಾನ್ ಐತಪ. ಕೊಡಾಕ ಬರಂಗಿಲ್ಲ."

"ಸರ್, ಡಿಜೆ ಅಂದ್ರ ಪೆಟ್ಟಿಗಿ ಅಲ್ರಿ. ನಾನ್ರಿ."

ರೈಟರ್ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನೀನಾ? ಎಷ್ಟು ವ್ಯಾಟು?"

"ಮನುಷ್ಯಾಗ ವ್ಯಾಟ್ ಎಲ್ಲಿಂದ ಬರ್ತಾವ್ರಿ ಸರ್?"

"ಮತ್ತ ಅರ್ಜ್ಯಾಗ ಹಂಗ ಐತಲ್ಲ. ನೋಡು, ಭಜನಿ, ನಾಟಕ, ಆರ್ಕೆಸ್ಟ್ರಾ, ಭಾಷಣ. ಇದ್ರಾಗ ಯಾವ್ದು ಹೇಳು, ಬರಿತೀನಿ."

"ಯಾವ್ದೂ ಅಲ್ರಿ. ತಾಳದ ಮ್ಯಾಲ ಮಾತಾಡೋದ್ರಿ."

"ಭಾಷಣ ಅನ್ನು."

"ಭಾಷಣಕ್ಕ ತಾಳ ಇರಂಗಿಲ್ರಿ."

"ಭಜನಿ ಅನ್ನು ಮತ್ತ."

"ಭಜನ್ಯಾಗ ದೇವ್ರು ಇರ್ತಾನ್ರಿ. ಇದ್ರಾಗ ನಮ್ಮಪ್ಪ ಅದಾನ್ರಿ."

"ಏನ್ ಕರ್ಮಲೇ ಇದು!" ಎಂದು ರೈಟರ್ ಪೆನ್ನು ಕೆಳಗಿಟ್ಟರು.

ಹೊನ್ನೂರನಿಗೆ ತಲೆ ಚಿಟ್ಟು ಹಿಡಿಯಿತು. ಹದಿನೆಂಟು ವರ್ಷದ ಬೇಸರವೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಹಲಗಿ ಬಡದು ಮಾತಾಡೋದ್ರಿ! ಡಂಗ್ರ ಸಾರಿದಂಗ ಅಂತ ತಿಳ್ಕೊಳ್ರಿ! ಏನಾರ ಬರ್ಕೊಳ್ರಿ ಸರ್, ನನ್ನ ಬಿಟ್ಟು ಬಿಡ್ರಿ!"

ರೈಟರ್ ಮುಖ ಅರಳಿತು. "ಇದನ್ನ ಮೊದಲ ಹೇಳಬಾರ್ದಾ?" ಎಂದವರೇ ಪೆನ್ನೆತ್ತಿ ದುಂಡಗೆ ಬರೆದರು. ಪಾಪಿನಾಯಕನಹಳ್ಳಿಯ ತಾಯಪ್ಪನವರ ಮಗ ಹೊನ್ನೂರುಸ್ವಾಮಿ ಇವರಿಂದ ಡಂಗುರ. ಅವಧಿ ಹದಿನೈದು ನಿಮಿಷ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಹೊನ್ನೂರ ಎರಡೆರಡು ಸಲ ಓದಿದ. ಆದರೆ ತಿದ್ದಿಸಲು ಹೋದರೆ ಮತ್ತೆ ಭಜನೆಯಿಂದ ಶುರುವಾಗುತ್ತದೆ. ಠಾಣೆಯ ಕಾಗದವನ್ನು ಯಾರು ಓದುತ್ತಾರೆ ಎಂದುಕೊಂಡು ಮಡಚಿ ಅಂಜಿನಿಯ ಕೈಗೆ ಕೊಟ್ಟ.

ಅಂಜಿನಿ ಓದಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯವನು. ಪರವಾನಗಿಯಲ್ಲಿ ಏನಿದೆಯೋ ಅದನ್ನೇ ಅಕ್ಷರ ಬಿಡದೆ ಫ್ಲೆಕ್ಸ್ ಮಾಡಿಸಿದ. ಪೂರ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಒಂದನ್ನು ಸ್ಟೇಜಿಗೆ, ಇನ್ನೊಂದನ್ನು ಬಸ್ ಸ್ಟ್ಯಾಂಡಿಗೆ ಕಟ್ಟಿಸಿದ. ಹೊನ್ನೂರ ಓಡಿಬಂದು ಬಾಯಿ ಬಡಿದುಕೊಂಡ.

"ತೆಗಿಯೋ ಅದನ್ನ! ಮಂದಿ ಏನ್ ತಿಳ್ಕಂತಾರ? ನಮ್ಮಪ್ಪ ಏನ್ ತಿಳ್ಕಂತಾನ?"

"ಅಣ್ಣಾ, ಪರ್ಮಿಶನ್ನಾಗ ಒಂದು, ಫ್ಲೆಕ್ಸಿನಾಗ ಒಂದು ಇದ್ರ ಕೇಸ್ ಆಗತೈತಿ. ನೀನ ಹೇಳಿ ಬರಿಸಿದ್ದಲ್ಲ?"

ಹೌದು, ತಾನೇ ಹೇಳಿ ಬರೆಸಿದ್ದು. ಸಿಟ್ಟು ಯಾರ ಮೇಲೆ ಮಾಡುವುದು? ಹೊನ್ನೂರ ಬಸ್ ಸ್ಟ್ಯಾಂಡಿಗೆ ಹೋಗಿ ಆ ಫ್ಲೆಕ್ಸನ್ನು ತಾನೇ ಬಿಚ್ಚಿದ. ಅಷ್ಟರಲ್ಲಿ ತಾಯಪ್ಪ ಅದರ ಕೆಳಗೆ ಎರಡು ತಾಸು ಕೂತು ಎದ್ದುಹೋಗಿದ್ದ.

ಮನೆಯಲ್ಲಿ ತಾಯಪ್ಪ ಉಣ್ಣಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಲಲಿತಾ ನೀರಿನ ತಂಬಿಗೆ ಇಟ್ಟು, "ಮಾವಾ, ಅವರು ಬೇಕಂತ ಮಾಡಿಲ್ರಿ" ಎಂದಳು.

"ಐವತ್ತು ವರ್ಷ ಆತವ್ವ ನಾನು ಅದನ್ನ ಕೆಳಗಿಟ್ಟು" ಎಂದ ತಾಯಪ್ಪ. "ಉಪವಾಸ ಬಿದ್ದೆ, ಎದಿ ಸುಟ್ಕಂಡೆ, ಆದ್ರೂ ಮುಟ್ಟಲಿಲ್ಲ. ಈಗ ನನ್ನ ಹೆಸರಿನ ಬಾಜೂಕ ಅದನ್ನ ಬರಿಸ್ಯಾನ ನನ್ನ ಮಗ."

ಬಾಗಿಲ ಹೊರಗೆ ನಿಂತಿದ್ದ ಹೊನ್ನೂರನಿಗೆ ಅಷ್ಟೂ ಕೇಳಿಸಿತು. ಒಳಗೆ ಹೋಗಿ ಕಾಲು ಹಿಡಿಯೋಣವೆನಿಸಿತು. ಹೋಗಲಿಲ್ಲ. ಹದಿನೆಂಟು ವರ್ಷ ಮಾತಿನಲ್ಲೇ ಬದುಕಿದವನಿಗೆ ಅಲ್ಲಿ ಒಂದು ಮಾತೂ ಹೊಳೆಯಲಿಲ್ಲ. ನಾಚಿಕೆಯಾಯಿತು.

ಪೂರ್ಣಿಮೆಯ ದಿನ ಸಂಜೆ ಐದಕ್ಕೆ ಕಾರ್ಯಕ್ರಮ. ಬಿಸಿಲು ಇನ್ನೂ ಇಳಿದಿರಲಿಲ್ಲ. ಶಾಮಿಯಾನದ ಕೆಳಗೆ ಇಡೀ ಕೇರಿ ಕೂತಿತ್ತು. ಮೊದಲ ಸಾಲಿನಲ್ಲಿ ತಾಯಪ್ಪನ ಕುರ್ಚಿ ಖಾಲಿ. ವಂದನೆ, ಭಾಷಣ ಮುಗಿದ ಮೇಲೆ ಹೊನ್ನೂರನ ಹೆಸರು ಕೂಗಿದರು. ಅವನು ಹತ್ತಿದ. ಹಿಂದೆ ಕೆಂಪು ಅಕ್ಷರದಲ್ಲಿ ಆ ಫ್ಲೆಕ್ಸು. ಮೂಕಣ್ಣ ತಾಳ ಬಿಟ್ಟ.

ಯಾರಿಗಾಗಿ ಕಟ್ಟಿದ್ದೋ ಅವನೇ ಇಲ್ಲದ ಮೇಲೆ ಆ ಪದ ಹೇಳಲು ಮನಸ್ಸಾಗಲಿಲ್ಲ. ಬೇರೆ ಯಾವುದೋ ಹಳೆಯ ಪದ ಶುರು ಮಾಡಿದ. ನಾಲ್ಕು ಸಾಲಿಗೇ ಜನರ ಕಣ್ಣು ತನ್ನ ಮೇಲಿಲ್ಲ ಎಂದು ಗೊತ್ತಾಯಿತು. ಎಲ್ಲರೂ ಅವನ ಹೆಗಲಾಚೆ ನೋಡುತ್ತಿದ್ದರು. ಇದೂ ಒಂದು ಬಾಕಿಯಿತ್ತು ಎಂದು ರೇಗುತ್ತ ಹೊನ್ನೂರ ತಿರುಗಿದ.

ತಾಯಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತಿದ್ದ. ಎಡಗೈಯಲ್ಲಿ ಸುಣ್ಣದ ಡಬ್ಬಿ, ಬಲಗೈಯಲ್ಲಿ ಬ್ರಷ್ಷು. ಸಭೆಗೆ ಬೆನ್ನು ಹಾಕಿ ಫ್ಲೆಕ್ಸಿನ ಮೇಲಿನ "ಡಂ" ಎಂಬ ಅಕ್ಷರಕ್ಕೆ ಸುಣ್ಣ ಬಳಿಯುತ್ತಿದ್ದ. ಅಂಜಿನಿ ಓಡಿಬಂದ. ಲಲಿತಾ ಮೆಟ್ಟಿಲ ಹತ್ತಿರ ಅವನಿಗೆ ಅಡ್ಡ ನಿಂತಳು. "ಸುಮ್ನಿರೋ ಅಂಜಿನಿ. ಅವರ ಹೆಸರಿನ ಪಕ್ಕದ ಹೊಲಸು, ಅವರು ಒರಸ್ಕಂತಾರ."

ಮೂಕಣ್ಣ ತಾಳ ನಿಲ್ಲಿಸಲು ಕೈ ಚಾಚಿದ. ಹೊನ್ನೂರ ಬೇಡವೆಂದು ತಲೆಯಾಡಿಸಿದ. ಇಷ್ಟು ವರ್ಷ ಎದ್ದೆದ್ದು ಹೋಗುತ್ತಿದ್ದ ಮನುಷ್ಯ ಇವತ್ತು ಎರಡು ಮಾರು ದೂರದಲ್ಲಿ ನಿಂತಿದ್ದಾನೆ. ಇನ್ನೂ ಎರಡು ಅಕ್ಷರ ಉಳಿದಿವೆ. ಅವು ಮುಗಿಯುವವರೆಗೆ ಎಲ್ಲಿಗೂ ಹೋಗುವುದಿಲ್ಲ. ಹಳೆಯ ಪದವನ್ನು ಅಲ್ಲಿಗೇ ಬಿಟ್ಟು ಹೊನ್ನೂರ ಅಪ್ಪನ ಪದಕ್ಕೆ ಬಂದ.

"ಸಂಜೀಕ ಮನಿಗೆ ಬಂದಾವ ಅಪ್ಪ ಅಲ್ಲ, ಕೆಮ್ಮಣ್ಣಿನ ಗೊಂಬಿ,
ಕಣ್ಣೆರಡು ಬಿಳುಪು, ಉಳಿದದ್ದೆಲ್ಲ ಸಂಡೂರ ಗುಡ್ಡ.
ಅಂಗಿ ಜಾಡಿಸಿದ್ರ ಅಂಗಳ ಕೆಂಪು,
ಕೆಮ್ಮಿದ್ರ ಕರವಸ್ತ್ರ ಕೆಂಪು.
ಗುಡ್ಡ ಹೋತು ಹಡಗಿನಾಗ,
ಧೂಳು ಉಳೀತು ಮನಿಯೊಳಗ."

ಬ್ರಷ್ಷು "ಗು" ಮೇಲೆ ಅರ್ಧಕ್ಕೆ ನಿಂತಿತ್ತು. ಸುಣ್ಣ ತಾಯಪ್ಪನ ಮೊಣಕೈಯವರೆಗೆ ಹರಿದಿತ್ತು. ಹೊನ್ನೂರ ನಿಲ್ಲಿಸಲಿಲ್ಲ. ಲಾರಿ ತುಂಬಿದ್ದು, ಮಳೆಗೆ ಗುಡ್ಡ ಜಾರಿದ್ದು, ಕೈಯ ಮಣ್ಣು ಹೋಗದೆ ಅಪ್ಪ ಚಮಚದಲ್ಲಿ ಅನ್ನ ಉಂಡದ್ದು, ನಾಲ್ಕು ವರ್ಷದ್ದನ್ನೆಲ್ಲ ಒಂದೇ ಓಟದಲ್ಲಿ ಹೇಳಿ ಮುಗಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮುದುಕನನ್ನೇ ನೋಡುತ್ತಿದ್ದರು.

ತಾಯಪ್ಪ ಕುರ್ಚಿಯಿಂದ ಇಳಿದು ಮಗನ ಎದುರು ನಿಂತ.

"ಇದನ್ನ ಯಾರು ಹೇಳಿ ಕಳಿಸ್ಯಾರ?"

"ಯಾರೂ ಇಲ್ಲ ಯಪ್ಪಾ. ನನ್ನ ಮಾತು."

"ಯಾರೂ ಹೇಳಿಲ್ಲ?"

"ಯಾರೂ ಇಲ್ಲ."

ತಾಯಪ್ಪ ಹುಬ್ಬು ಗಂಟಿಕ್ಕಿದ. "ಕರವಸ್ತ್ರ ಎಲ್ಲಿತ್ತಲೇ ನನ್ನ ಹತ್ರ? ಅದು ಸಾಹೇಬ್ರ ಹತ್ರ ಇರೋದು. ನಂದು ಟವಲ್ಲು. ಟವಲ್ ಅನ್ನು."

"ತಾಳಕ್ಕ ಕೂಡಂಗಿಲ್ಲ ಯಪ್ಪಾ!" ಹೊನ್ನೂರ ಇಡೀ ಕೇರಿಯ ಮುಂದೆ, ಮೈಕಿನಲ್ಲೇ, ಅಳುವಂತಾಗಿ ಕೂಗಿದ. "ನಾಕು ವರ್ಷ ಕುಂತು ಕೂಡಿಸೀನಿ!"

"ಸುಳ್ಳು ಕೂಡಿಸಿದ್ರ ಏನ್ ಬಂತು? ಟವಲ್ ಅನ್ನು. ಮೊದಲಿಂದ ಹೇಳು."

ರೆಗ್ಗೆ ಹುಟ್ಟಿದ ನಾಡಿನಲ್ಲಿ ಡಿಜೆಯ ಮಾತು ಹಿಡಿಸಿದರೆ ಜನ ಚಪ್ಪಾಳೆಗೆ ನಿಲ್ಲುವುದಿಲ್ಲ, ನಡುವೆಯೇ ತಡೆದು ಮತ್ತೆ ಮೊದಲಿಂದ ಹೇಳಿಸುತ್ತಾರೆ. ಹದಿನೆಂಟು ವರ್ಷದಲ್ಲಿ ಹೊನ್ನೂರನಿಗೆ ಹಾಗೆ ಯಾರೂ ಹೇಳಿರಲಿಲ್ಲ.

ತಾಯಪ್ಪ ಸುಣ್ಣದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ, ಸ್ಟೇಜಿನ ಮೇಲೇ, ಕುರ್ಚಿಯಲ್ಲಿ ಕೂತ. ಹೊನ್ನೂರ ಮೂಕಣ್ಣನಿಗೆ ಕೈ ಮಾಡಿದ. ತಾಳ ಮತ್ತೆ ಮೊದಲಿಂದ ಬಂತು. ಟವಲ್ಲು ತಾಳಕ್ಕೆ ಕೂಡಲೇ ಇಲ್ಲ. ಹಾಗೆಯೇ ಹೇಳಿದ.